ಆಗ್ರಾದ ದಾರಿಯಲ್ಲಿ ದೊಡ್ಡವ್ವನ ಗುಮ್ಮಟ

ಆಗ್ರಾಕ್ಕೆ ಹೊರಟ ನಾವು ಮೊದಲ ದಿನ ದಕ್ಷಿಣಕ್ಕೆ ಹೋದೆವು. ಭೂಗೋಳ ಗೊತ್ತಿಲ್ಲದೆ ಹೋದದ್ದಲ್ಲ. ಅವತ್ತು ಮಂಗಳವಾರವಾಗಿತ್ತು, ಅಷ್ಟೆ.

ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಚಳಿಗಾಲ ಅದು. ನಾನು ಗುಲಬರ್ಗಾದಲ್ಲಿ ಹೈಸ್ಕೂಲು ಮುಗಿಸಿ ಬಂದು ಆಳಂದದಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡಿದ್ದೆ. ಜೊತೆಯಲ್ಲಿ ಓದಿದ ಖಾಸಿಂ ದರ್ಗಾದ ಓಣಿಯಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ. ಇಬ್ಬರಿಗೂ ಕಟ್ಟಡಗಳ ಹುಚ್ಚು. ಹಳೆಯ ಕ್ಯಾಲೆಂಡರು, ಬೆಂಕಿಪೆಟ್ಟಿಗೆಯ ಚೀಟಿ, ಬಿಸ್ಕತ್ತಿನ ಡಬ್ಬಿಯ ಕಾಗದ, ಎಲ್ಲಿ ಗೋಪುರವೋ ಮಿನಾರೋ ಕಂಡರೂ ಕತ್ತರಿಸಿ ತಂದು ಅವನ ಅಂಗಡಿಯ ಒಳಗೋಡೆಗೆ ಮೆತ್ತುತ್ತಿದ್ದೆವು. ನಡುವೆ ಒಂದು ರೈಲ್ವೆ ನಕಾಶೆ. ಅದರ ಮೇಲೆ ಕೆಂಪು ಪೆನ್ಸಿಲಿನ ಗೆರೆ: ಸೋಲಾಪುರ, ಎಲ್ಲೋರಾ, ಸಾಂಚಿ, ಗ್ವಾಲಿಯರ್, ಆಗ್ರಾ, ದಿಲ್ಲಿ, ತಿರುಗಿ ಬರುವಾಗ ಕೊನಾರ್ಕ, ತಂಜಾವೂರು, ಮದುರೆ. ಎರಡು ವರ್ಷ ಆ ಗೆರೆಯನ್ನು ಅಳಿಸಿದೆವು, ಬರೆದೆವು. ತಾಜಮಹಲನ್ನು ಹುಣ್ಣಿಮೆಗೆ ನೋಡಬೇಕು ಎಂದು ಅವನು, ನಸುಕಿನಲ್ಲಿ ನೋಡಬೇಕು ಎಂದು ನಾನು, ಒಂದು ವಾರ ಮಾತು ಬಿಟ್ಟದ್ದೂ ಉಂಟು. ಯಾವ ಗುಡಿಯನ್ನು ಯಾವ ದೊರೆ ಕಟ್ಟಿಸಿದ, ಯಾವ ಮಿನಾರಿಗೆ ಎಷ್ಟು ಎತ್ತರ, ಎಲ್ಲ ನನಗೆ ಬಾಯಿಪಾಠ. ಇಡೀ ಆಳಂದದಲ್ಲಿ ನನ್ನಷ್ಟು ಹೆಸರು ತಿಳಿದವನು ಇನ್ನೊಬ್ಬನಿಲ್ಲ ಎಂದು ನನಗೆ ಸೊಕ್ಕಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನನ್ನ ತಪ್ಪೊಪ್ಪಿಗೆ ಮುಂದೆ ಅಲ್ಲಿಗೇ ಬಂದು ನಿಲ್ಲುತ್ತದೆ.

ನನ್ನನ್ನು ಸಾಕಿದವಳು ದೊಡ್ಡವ್ವ, ನನ್ನ ತಾಯಿಯ ಅಕ್ಕ. ನಾನು ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಳು. ದೊಡ್ಡವ್ವನ ಗಂಡ ಅದಕ್ಕೂ ಮೊದಲೇ ಹೋಗಿದ್ದ, ಮಕ್ಕಳಿರಲಿಲ್ಲ. ನನ್ನನ್ನು ಎತ್ತಿಕೊಂಡು ಬಂದು ಆಳಂದದ ತನ್ನ ಮನೆಯಲ್ಲಿ ಬೆಳೆಸಿದಳು. ನಾನು ಕರೆದದ್ದನ್ನು ಕೇಳಿ ಓಣಿಯೆಲ್ಲ ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿತ್ತು. ಅವಳಿಗೆ ಒಂದೇ ಆಸೆ. "ನನಗೊಂದು ವಿಜಾಪುರದ ಗುಮ್ಮಟ ತೋರ್ಸು. ಆಮ್ಯಾಲೆ ನೀ ದಿಲ್ಲಿಗರ ಹೋಗು, ವಿಲಾಯತಿಗರ ಹೋಗು" ಎನ್ನುತ್ತಿದ್ದಳು. ನಾನು ಚಿಕ್ಕಂದಿನಿಂದ ಹೂಂ ಎನ್ನುತ್ತಲೇ ಬಂದಿದ್ದೆ. ಆದರೆ ನಮ್ಮ ಕೆಂಪು ಗೆರೆ ವಿಜಾಪುರವನ್ನು ಮುಟ್ಟಿರಲಿಲ್ಲ. ಅಷ್ಟು ಹತ್ತಿರದ್ದನ್ನು ಪ್ರವಾಸವೆಂದು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಹೊರಡುವ ದಿನ ಬೆಳಿಗ್ಗೆ ನಾನೂ ಖಾಸಿಮನೂ ಟ್ರಂಕು ಹೊತ್ತು ಅಂಗಳಕ್ಕಿಳಿದರೆ ದೊಡ್ಡವ್ವ ಹೊಸ್ತಿಲಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ಅವಳದೂ ಒಂದು ಗಂಟು.

"ಇವತ್ತ ಮಂಗಳವಾರ. ಉತ್ತರಕ್ಕ ಶೂಲ ಅದ" ಎಂದಳು.

ಮಂಗಳವಾರ, ಬುಧವಾರ ಉತ್ತರಕ್ಕೆ ಹೊರಟರೆ ದಾರಿಯಲ್ಲಿ ಶೂಲ ಚುಚ್ಚುತ್ತದೆಂದು ನಮ್ಮ ಕಡೆ ನಂಬಿಕೆ. ಗುರುವಾರ ದಕ್ಷಿಣ ಬೇಡ, ಶುಕ್ರವಾರ ಪಶ್ಚಿಮ ಬೇಡ. ಹೀಗೆ ಒಂದೊಂದು ದಿನಕ್ಕೆ ಒಂದೊಂದು ದಿಕ್ಕು ಮುಚ್ಚಿರುತ್ತದೆ.

ಖಾಸಿಂ ಸಂಧಾನಕ್ಕೆ ಬಂದ. "ದೊಡ್ಡವ್ವ, ಬೆಲ್ಲ ತಿಂದು ಹೊಂಟ್ರ ಶೂಲ ಹತ್ತಂಗಿಲ್ಲಂತಲ್ಲ."

"ಹತ್ತು ಮೈಲಿಗಿ ಹೋಗಾವ್ರಿಗೆ ಒಂದು ಹಳ್ಳು ಬೆಲ್ಲ ಸಾಕು. ಸಾವಿರ ಮೈಲಿಗಿ ಎಷ್ಟು ಪೆಂಟಿ ತಿಂತೀಯೋ, ತಿನ್ನು ನೋಡೋಣು."

"ಹಂಗಾರ ಗುರುವಾರ ಹೋಗ್ತೇವಿ" ಎಂದೆ ನಾನು.

"ಬುತ್ತಿ ಕಟ್ಟೇನಿ. ಕಟ್ಟಿದ ಬುತ್ತಿ ಮನ್ಯಾಗ ಬಿಚ್ಚಬಾರದು. ಇವತ್ತ ದಕ್ಷಿಣಕ್ಕ ಅಫಜಲಪುರಕ್ಕ ಹೋಗೋಣು, ನಾಳೆ ಜೇವರ್ಗಿಗಿ. ನನ್ನ ತಮ್ಮನ ಮನಿ ಅದ. ಅಲ್ಲಿಂದ ಮುಂದ ನೋಡೋಣು."

ಜೇವರ್ಗಿಯಿಂದ ಗುಲಬರ್ಗಾ ದೂರವಿಲ್ಲ, ಅಲ್ಲಿ ರೈಲಿದೆ. ಎರಡು ದಿನ ಸುತ್ತು, ಹೋದರೆ ಹೋಗಲಿ ಎಂದುಕೊಂಡೆ. ದೊಡ್ಡವ್ವನನ್ನು ಸೋದರಮಾವನ ಮನೆಯಲ್ಲಿ ಬಿಟ್ಟರೆ ಬೆನ್ನು ಹಗುರ ಎಂದೂ ಅಂದುಕೊಂಡೆ. ಇದು ನನ್ನ ಮೊದಲ ಸಣ್ಣತನ.

ಅಫಜಲಪುರದ ಮೋಟಾರಿಗೆ ಒಬ್ಬರಿಗೆ ಹಾಲಿ ಸಿಕ್ಕಾದಲ್ಲಿ ಹದಿನಾಲ್ಕಾಣೆ. ನಿಜಾಮರ ರಾಜ್ಯದ ನಾಣ್ಯಕ್ಕೆ ಹಾಗೆ ಹೆಸರು. ರಸ್ತೆಯ ಎರಡೂ ಕಡೆ ಬಿಳಿಜೋಳ ಎದೆಯೆತ್ತರ ನಿಂತಿತ್ತು, ನಡುನಡುವೆ ಕುಸುಬಿ. ಧೂಳಿಗೆ ಮೂವರ ಹುಬ್ಬೂ ಕೆಂಪಾದವು. ಮಧ್ಯಾಹ್ನ ಮೋಟಾರಿನ ಚಕ್ರ ಕೆಟ್ಟು ಒಂದು ಸಣ್ಣ ಹಳ್ಳಿಯ ಬಳಿ ನಿಂತಿತು. ಡ್ರೈವರು ಕೆಲಸಕ್ಕೆ ಕುಳಿತ. ನಾವು ಬುತ್ತಿ ಬಿಚ್ಚಲು ನೆರಳು ಹುಡುಕಿಕೊಂಡು ಹೋದರೆ ಜಾಲಿಯ ಮರೆಯಲ್ಲಿ ಒಂದು ಕಪ್ಪುಕಲ್ಲಿನ ಗುಡಿ.

ಒಳಗೆ ದೇವರಿರಲಿಲ್ಲ, ಎರಡು ಆಡು ಕಟ್ಟಿದ್ದರು. ಆದರೆ ಕಂಬಗಳು! ಚರಕಿ ಹಿಡಿದು ತಿರುವಿದ ಹಾಗೆ ದುಂಡಗೆ, ಬಳೆ ಬಳೆಯಾಗಿ, ಎಣ್ಣೆ ಹಚ್ಚಿದಂತೆ ನುಣುಪು. ಚಾಲುಕ್ಯರ ಕಾಲದ್ದು ಇರಬೇಕೆಂದು ನಾನು ಉಪನ್ಯಾಸ ಶುರುಮಾಡಿದೆ. ದೊಡ್ಡವ್ವ ಒಂದು ಕಂಬದ ಮುಂದೆ ನಿಂತು, ಅದರಲ್ಲಿ ಮೂಡಿದ ತನ್ನ ಮುಖ ನೋಡಿ, ಸೆರಗಿನಿಂದ ಹುಬ್ಬಿನ ಧೂಳು ಒರೆಸಿಕೊಂಡಳು. ಆಮೇಲೆ ತಲೆಯ ಸೆರಗು ನೇರ ಮಾಡಿಕೊಂಡಳು. "ನಮ್ಮನಿ ಕನ್ನಡಿಕ್ಕಿಂತ ಚಲೋ ಅದ" ಎಂದಳು. ಖಾಸಿಂ ಕಾಗದ ತೆಗೆದು ಆ ಕಂಬವನ್ನು ಬರೆದುಕೊಂಡ. ನಮ್ಮ ಪ್ರವಾಸದ ಮೊದಲ ಚಿತ್ರ ಅದು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಆ ಕಟ್ಟೆಯ ಮೇಲೆ ಉಂಡೆವು. ಇಂಥದು ನಮ್ಮ ತಾಲೂಕುಗಳ ಜಾಲಿಯಲ್ಲಿ ಹೇಳಕೇಳುವವರಿಲ್ಲದೆ ನಿಂತಿದೆಯಲ್ಲ ಎಂದು ನನ್ನ ಎದೆ ಉಬ್ಬಿತು. ಹಾಗೆ ಉಬ್ಬಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅಫಜಲಪುರದ ಧರ್ಮಶಾಲೆಯಲ್ಲಿ ರಾತ್ರಿ ಕಳೆದೆವು. ಬುಧವಾರ ನಸುಕಿನಲ್ಲಿ ಒಂದು ಚಕ್ಕಡಿ ಹಿಡಿದು ಭೀಮಾ ನದಿಯ ದಂಡೆಗೆ ಬಂದೆವು. ಚಳಿ ಎಷ್ಟಿತ್ತೆಂದರೆ ನೀರಿನ ಮೇಲೆ ಹೊಗೆಯಾಡುತ್ತಿತ್ತು. ಹರಿಗೋಲಿನವನು ನಮ್ಮ ಟ್ರಂಕುಗಳನ್ನು ನೋಡಿ, "ಎಲ್ಲಿಗಿ ಹೊಂಟೀರಿ?" ಎಂದ.

"ಆಗ್ರಾಕ್ಕ" ಎಂದ ಖಾಸಿಂ.

ಅವನು ಹುಟ್ಟು ನಿಲ್ಲಿಸಿದ. "ಆಗ್ರಾ ಈ ದಂಡಿಗಿ ಇಲ್ಲಲ್ರಿ ಸಾಹೇಬ್ರ."

"ಇವತ್ತ ಉತ್ತರಕ್ಕ ಶೂಲ ಅದಪಾ" ಎಂದಳು ದೊಡ್ಡವ್ವ.

"ಹಂಗ ಹೇಳ್ರಿ ಮತ್ತ" ಎಂದು ಅವನು ಹುಟ್ಟು ಹಾಕಿದ. ಎರಡು ವರ್ಷದ ನಮ್ಮ ನಕಾಶೆಯನ್ನು ಅವನಿಗೆ ತೋರಿಸಿದ್ದರೂ ಅಷ್ಟು ಬೇಗ ಒಪ್ಪುತ್ತಿರಲಿಲ್ಲ.

ಆಚೆ ದಂಡೆಯಲ್ಲಿ ಒಂದು ಅರಳೆಯ ಲಾರಿ ಸಿಕ್ಕಿತು. ಅಂಡಿಗೆಗಳ ಮೇಲೆ ಕುಳಿತು, ಹೊತ್ತು ಇಳಿಯುವ ಮೊದಲೇ ಜೇವರ್ಗಿ ಸೇರಿದೆವು.

ಸೋದರಮಾವ ಒಳ್ಳೆಯವ. "ಅಕ್ಕ ಬಂದಾಳ" ಎಂದು ಮನೆಯವರನ್ನೆಲ್ಲ ಅಂಗಳಕ್ಕೆ ಕರೆದು ನಿಲ್ಲಿಸಿದ. ಕಾಲಿಗೆ ಬಿಸಿನೀರು, ಬಾಯಿಗೆ ಹುಗ್ಗಿ ಬಂದವು. ನಾನು ಹೊರಗೆ ಹೋಗಿ ವಿಚಾರಿಸಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಎರಡು ಮೋಟಾರು: ಒಂದು ಉತ್ತರಕ್ಕೆ ಗುಲಬರ್ಗಾಕ್ಕೆ, ಇನ್ನೊಂದು ಪಶ್ಚಿಮಕ್ಕೆ ಸಿಂದಗಿಯ ಮೇಲೆ ವಿಜಾಪುರಕ್ಕೆ.

ಒಳಗೆ ಬಂದು ದೊಡ್ಡವ್ವನ ಎದುರಿಗೆ ಕುಳಿತು ಹೇಳಿದೆ: "ವಿಜಾಪುರದ ಗುಮ್ಮಟ ಮುಚ್ಯಾರಂತ. ದುರಸ್ತಿ ನಡದದಂತ. ನೀ ಇಲ್ಲೇ ಇರು. ಬರೋ ವರ್ಷ ನಾನೇ ಕರಕೊಂಡು ಹೋಗ್ತೇನಿ."

ಯಾರೂ ಹಾಗೆ ಹೇಳಿರಲಿಲ್ಲ. ಖಾಸಿಂ ತಲೆ ಎತ್ತಿ ನನ್ನನ್ನು ನೋಡಿದ, ಎದ್ದು ಅಂಗಳಕ್ಕೆ ಹೋದ. ಅರವತ್ತು ವರ್ಷವಾಗುತ್ತ ಬಂತು, ಆ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂಬುದನ್ನು ನಾನು ಮರೆತಿಲ್ಲ.

ದೊಡ್ಡವ್ವ ಗಂಟನ್ನು ಹತ್ತಿರಕ್ಕೆಳೆದುಕೊಂಡಳು. ಗಂಟಿನ ಮೇಲಿನ ಕೈ ತೆಗೆಯಲಿಲ್ಲ.

"ಮುಚ್ಚಿದ್ರ ಮುಚ್ಚಲಿ" ಎಂದಳು. "ಹೊರಗ ನಿಂತು ಓ ಅಂತೇನಿ."

"ಏನಂತೀ?"

"ಓ ಅನ್ನೋದು ಬಾಕಿ ಅದ ನಂದು."

ಅವಳು ಅದನ್ನು ಹೇಳಿದ್ದು ಅವತ್ತೇ ಮೊದಲು. ಅವಳ ಗಂಡ, ನನ್ನ ದೊಡ್ಡಪ್ಪ, ಚಕ್ಕಡಿಯಲ್ಲಿ ಅರಳೆ ಹೇರಿಕೊಂಡು ವಿಜಾಪುರದ ಪೇಟೆಗೆ ಹೋಗುತ್ತಿದ್ದನಂತೆ. ಒಮ್ಮೆ ಗುಮ್ಮಟ ಹತ್ತಿ ಬಂದವನು ಅವಳಿಗೆ ಹೇಳಿದ: "ಅಲ್ಲಿ ಒಮ್ಮಿ ಕೂಗಿದ್ರ ಗುಮ್ಮಟ ಏಳೆಂಟು ಸಲ ಕೂಗ್ತದ. ನಾ ನಿನ್ನ ಹೆಸರು ಕರದೆ. ನೀ ಓ ಅನಲಿಲ್ಲ. ಮುಂದಿನ ಸುಗ್ಗಿಗಿ ನಿನ್ನ ಕರಕೊಂಡು ಹೋಗ್ತೇನಿ." ಸುಗ್ಗಿಗೆ ಮೊದಲೇ ಜ್ವರ ಬಂದು ಅವನು ತೀರಿಕೊಂಡ.

"ಕರದವ್ರಿಗೆ ಓ ಅನ್ನದ ಕುಂತೇನಿ, ಇಷ್ಟ ವರ್ಷ" ಎಂದಳು. ಅವಳ ಧ್ವನಿಯಲ್ಲಿ ಅಳುವಿರಲಿಲ್ಲ. ಒಲೆಯ ಮೇಲೆ ಹಾಲು ಬಿಟ್ಟು ಬಂದವಳ ಚಡಪಡಿಕೆ ಇತ್ತು.

ನಾನು ಅಂಗಳಕ್ಕೆ ಎದ್ದು ಹೋದೆ. ಖಾಸಿಂ ಬೀಡಿ ಸೇದುತ್ತಿದ್ದ. "ಮಂಗಳವಾರ ಉತ್ತರ ಬ್ಯಾಡ, ಬುಧವಾರ ಬ್ಯಾಡ" ಎಂದು ಬೆರಳು ಮಡಿಸಿದ. "ನಾಳೆ ಗುರುವಾರ, ಪಶ್ಚಿಮಕ್ಕ ಅಡ್ಡಿಲ್ಲ. ಶುಕ್ರವಾರ ಆಗಿದ್ರ ಪಶ್ಚಿಮನೂ ಬಂದ್. ಲೇ ಮಾಸ್ತರ, ನಕಾಶೆ ನಾವು ಬರದೇವಿ, ದಾರಿ ನಿಮ್ಮ ದೊಡ್ಡವ್ವ ಹಾಕ್ಯಾಳ. ನಾನಂತೂ ನಾಳೆ ಆಕಿ ಸಂಗಾಟ. ನೀ ಬೇಕಾದ್ರ ಆಗ್ರಾಕ್ಕ ಹೋಗು."

ಗುರುವಾರ ಮೂವರೂ ವಿಜಾಪುರದ ಮೋಟಾರು ಹತ್ತಿದೆವು. ಅರವತ್ತು ಮೈಲಿಯ ಮೇಲಿನ ದಾರಿ. ನಿಜಾಮರ ಸೀಮೆ ಮುಗಿದು ಇಂಗ್ರೇಜರ ಸೀಮೆ ಶುರುವಾಗುವಲ್ಲಿ ಕರೋಡಗಿರಿ ನಾಕಾ. ಅಲ್ಲಿ ಸುಂಕದವರು ಗಂಟು ಟ್ರಂಕು ಬಿಚ್ಚಿ ನೋಡಿದರು. ದೊಡ್ಡವ್ವನ ಗಂಟಿನಲ್ಲಿ ಒಂದು ಹೊಸ ಇಳಕಲ್ ಸೀರೆ ಇತ್ತು, ಮಡಿಕೆ ಮುರಿಯದ್ದು.

"ಇದನ್ನ ಮಾರಾಕ ಒಯ್ಯಾಕತ್ತೀ ಏನವ್ವಾ?" ಎಂದ ನಾಕಾದವನು.

"ಮಾರಾಕ ಅಲ್ಲಪಾ, ಉಡಾಕ."

"ಯಾರ ಮದಿವಿಗಿ?"

"ಗುಮ್ಮಟಕ್ಕ."

ಅವನು ನಕ್ಕು ಬಿಟ್ಟುಬಿಟ್ಟ. ನಾವು ಹಾಲಿ ಸಿಕ್ಕಾ ಕೊಟ್ಟು ಇಂಗ್ರೇಜರ ಕಲ್ದಾರ್ ರೂಪಾಯಿ ಮಾಡಿಸಿಕೊಂಡು ಮುಂದೆ ಹೊರಟೆವು.

ಮಧ್ಯಾಹ್ನ ಇಳಿಯುತ್ತಿರುವಾಗ, ಇನ್ನೂ ಎಷ್ಟೋ ಮೈಲಿ ಇರುವಂತೆಯೇ, ಬಯಲಿನ ಅಂಚಿಗೆ ಅದು ಕಂಡಿತು. ಮೊದಲು ಬೋರಲು ಹಾಕಿದ ಒಂದು ಗಡಿಗೆಯಷ್ಟು. ಬರಬರುತ್ತ ಗುಡ್ಡದಷ್ಟಾಯಿತು. ಸುತ್ತಲೂ ಗಿಡವಿಲ್ಲ, ದಿನ್ನೆಯಿಲ್ಲ, ಮರೆಮಾಚುವುದು ಒಂದೂ ಇಲ್ಲ. ನಾನು ಚಿತ್ರಗಳಲ್ಲಿ ನೋಡಿದ ಎಲ್ಲ ಕಟ್ಟಡಗಳೂ ಅಂಗೈಯಷ್ಟೇ ಇದ್ದವು. ಕಟ್ಟಡವೆಂದರೆ ಇಷ್ಟು ದೊಡ್ಡದಿರುತ್ತದೆ ಎಂದು ಅವತ್ತು ತಿಳಿಯಿತು. ನಮ್ಮ ಮನೆಯಿಂದ ಮೂರು ದಿನದ ಹಾದಿಯಲ್ಲಿ ಇದನ್ನಿಟ್ಟುಕೊಂಡು ನಾನು ಬಿಸ್ಕತ್ತಿನ ಡಬ್ಬಿ ಕತ್ತರಿಸುತ್ತ ಕುಳಿತಿದ್ದೆ. ಮೋಟಾರಿನಲ್ಲಿ ಒಬ್ಬ ಮುಂಬಯಿಯ ವ್ಯಾಪಾರಿ, "ಯಾವ ಊರಿನವರು?" ಎಂದು ಕೇಳಿದಾಗ, "ಈ ಸೀಮೆಯವರೇ" ಎಂದು ಗುಮ್ಮಟದ ಕಡೆ ಕೈ ತೋರಿಸಿದೆ, ನಾನೇ ಕಟ್ಟಿಸಿದವನ ಹಾಗೆ.

ಶುಕ್ರವಾರ ಬೆಳಿಗ್ಗೆ ದೊಡ್ಡವ್ವ ಇಳಕಲ್ ಸೀರೆ ಉಟ್ಟಳು. ಗುಮ್ಮಟದ ಬಾಗಿಲು ಹಾರು ಹೊಡೆದು ತೆರೆದಿತ್ತು, ಜನ ಹೋಗುತ್ತಿದ್ದರು, ಬರುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿದಳು.

"ದುರಸ್ತಿ ಲಗೂ ಮುಗದದ ನೋಡು" ಎಂದಳು.

ಆಮೇಲೆ ಬದುಕಿನುದ್ದಕ್ಕೂ ಆ ಮಾತು ತೆಗೆಯಲಿಲ್ಲ. ಬೈದಿದ್ದರೆ ಅದು ಇಷ್ಟು ವರ್ಷ ನನ್ನ ಬೆನ್ನಿಗೆ ಬರುತ್ತಿರಲಿಲ್ಲ.

ಒಳಗೆ ಒಂದೇ ಒಂದು ಕಂಬವಿಲ್ಲ. ಅಷ್ಟು ಭಾರ ತಲೆಯ ಮೇಲೆ ಹೇಗೆ ನಿಂತಿದೆಯೆಂದು ಖಾಸಿಂ ಬಾಯಿ ತೆರೆದುಕೊಂಡು ಸುತ್ತುತ್ತಿದ್ದ. ಮೂಲೆಯ ಮಿನಾರಿನೊಳಗಿನ ಕಡಿದಾದ ಪಾವಟಿಗೆಗಳನ್ನು ದೊಡ್ಡವ್ವ ಕೂತು ಕೂತು ಹತ್ತಿದಳು. ಪ್ರತಿ ಅಂತಸ್ತಿನ ಕಿಂಡಿಯಲ್ಲಿ ಗಾಳಿ ಕುಡಿದು, "ಅವ್ರೂ ಇಲ್ಲೇ ಹತ್ತ್ಯಾರ" ಎನ್ನುತ್ತಿದ್ದಳು. ಮೇಲೆ ಗುಮ್ಮಟದ ಒಳಸುತ್ತಿಗೆ ಅಗಲವಾದ ಮೊಗಸಾಲೆ. ಅಲ್ಲೊಬ್ಬ ಮುದುಕ ಕಾವಲುಗಾರನಿದ್ದ.

"ಗ್ವಾಡಿಗಿ ಬಾಯಿ ಹಚ್ಚಿ ಸಣ್ಣಗ ಮಾತಾಡ್ರಿ, ಎದುರಿನ ಗ್ವಾಡಿಗಿ ನಿಂತವ್ರಿಗಿ ಕೇಳ್ತದ" ಎಂದ. "ಜೋರ್ಲೆ ಕರದ್ರ ಗುಮ್ಮಟನೇ ತಿರುಗಿ ಕರೀತದ."

ದೊಡ್ಡವ್ವ ನನ್ನ ಕಡೆ ತಿರುಗಿದಳು. "ನೀ ಕರಿ. ನಾ ಓ ಅಂತೇನಿ."

"ಏನಂತ ಕರೀಲಿ?"

"ಅವ್ರು ಕರದಂಗ. ನನ್ನ ಹೆಸರು."

"ಭಾಗವ್ವ ಅಂತೇನು?" ಹಳೆಯ ಕಂದಾಯದ ಚೀಟಿಯಲ್ಲಿ ಆ ಹೆಸರು ನೋಡಿದ ನೆನಪು.

"ಅದು ಅತ್ತಿಮನ್ಯಾಗ ಇಟ್ಟದ್ದು." ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರಿಡುತ್ತಾರೆ. ಹಳೆಯದು ತವರಿನಲ್ಲೇ ಉಳಿಯುತ್ತದೆ. "ಅವ್ರು ಇಲ್ಲಿ ಕರದದ್ದು ನನ್ನ ತವರುಮನಿ ಹೆಸರು. 'ನಮ್ಮವ್ವ ಇಟ್ಟ ಹೆಸರು ಕಟಿಗಿ ಕಸದ ಕೆಲಸಕ್ಕ ಕರ್ಯಾಕ, ನಿನ್ನ ತವರಿನ ಹೆಸರು ನಿನಗ' ಅಂತಿದ್ರು."

ನನಗೆ ಅದು ಗೊತ್ತಿರಲಿಲ್ಲ. ಕೊನಾರ್ಕ ಕಟ್ಟಿಸಿದವನ ಹೆಸರು ಗೊತ್ತಿತ್ತು, ಅವನ ಅಪ್ಪನ ಹೆಸರೂ ಗೊತ್ತಿತ್ತು. ಇಪ್ಪತ್ತು ವರ್ಷ ನನಗೆ ರೊಟ್ಟಿ ತಟ್ಟಿ ಹಾಕಿದವಳ ಹೆಸರು ಗೊತ್ತಿರಲಿಲ್ಲ, ಒಂದು ದಿನವೂ ಕೇಳಿರಲಿಲ್ಲ. ಖಾಸಿಂ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ.

ದೊಡ್ಡವ್ವನಿಗೆ ಅರ್ಥವಾಯಿತು. "ನಿನಗ್ಯಾರು ಹೇಳ್ಬೇಕಪಾ? ನಿಮ್ಮವ್ವನೂ ಅಕ್ಕ ಅಂತಿದ್ಳು" ಎಂದಳು. ಸುತ್ತಲೂ ಜನರಿದ್ದರು, ಕಾವಲುಗಾರನಿದ್ದ. ಅಷ್ಟು ಗಂಡಸರ ನಡುವೆ ತನ್ನ ಹೆಸರು ಬಾಯಿಬಿಟ್ಟು ಹೇಳಲು ಅವಳಿಗೆ ನಾಚಿಕೆ. "ಎದುರಿನ ಗ್ವಾಡಿಗಿ ಹೋಗಿ ನಿಲ್ಲು" ಎಂದಳು.

ನಾನು ಅರ್ಧ ಸುತ್ತು ಹೋಗಿ ಗೋಡೆಗೆ ಕಿವಿ ಹಚ್ಚಿ ನಿಂತೆ. ಎದುರಿಗೆ, ಆ ಆಳವಾದ ಬಯಲಿನ ಆಚೆ, ದೊಡ್ಡವ್ವ ಬೊಂಬೆಯಷ್ಟು ಕಾಣುತ್ತಿದ್ದಳು. ಸೆರಗು ಮುಂದಕ್ಕೆಳೆದು ಗೋಡೆಗೆ ಮುಖ ಮಾಡಿದಳು. ಆಮೇಲೆ ನನ್ನ ಪಕ್ಕದಲ್ಲೇ ನಿಂತವಳ ಹಾಗೆ, ಕಿವಿಗೆ ಉಸಿರು ತಾಗುವಷ್ಟು ಹತ್ತಿರದಿಂದ, ಗೋಡೆ ಮಾತಾಡಿತು:

"ನೀಲವ್ವ. ನನ್ನ ಹೆಸರು ನೀಲವ್ವ. ಲಗೂ ಕರಿ, ಮಂದಿ ನೋಡಾಕತ್ತಾರ."

ಹಿರಿಯರ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಇಲ್ಲ. ಕಣ್ಣು ಮುಚ್ಚಿ, ಇದ್ದ ಬಲವೆಲ್ಲ ಹಾಕಿ ಕರೆದೆ.

"ನೀಲವ್ವಾ."

ಗುಮ್ಮಟ ಅದನ್ನು ಎತ್ತಿಕೊಂಡಿತು. ಒಮ್ಮೆ ನನ್ನ ಧ್ವನಿಯಲ್ಲಿ, ಮತ್ತೊಮ್ಮೆ ಯಾರದೋ ಧ್ವನಿಯಲ್ಲಿ, ಮೇಲಿನಿಂದ, ಬಲದಿಂದ, ದೂರದಿಂದ ಕರೆಯುತ್ತ ಹೋಯಿತು. ಮಾತಾಡುತ್ತಿದ್ದ ಜನ ನಿಂತು ಕೇಳಿದರು. ದೊಡ್ಡವ್ವ ಅವಸರ ಮಾಡಲಿಲ್ಲ. ಕೊನೆಯ ಕರೆ ಪೂರ್ತಿ ಅಡಗುವವರೆಗೆ ತಲೆ ಸ್ವಲ್ಪ ವಾಲಿಸಿ ಕೇಳಿದಳು. ಆಮೇಲೆ ಹಿತ್ತಲಿನಿಂದ ನನಗೆ ದಿನಾ ಓಗೊಡುತ್ತಿದ್ದ ಅದೇ ಧ್ವನಿಯಲ್ಲಿ, ಕೆಲಸದ ನಡುವೆ ಕರೆದರೆಂಬ ಹಾಗೆ, "ಓ" ಎಂದಳು.

ಗುಮ್ಮಟ ತುಂಬ ಓ.

ಕಾವಲುಗಾರ ತಲೆಯ ಟೋಪಿ ಸರಿಮಾಡಿಕೊಂಡ. ನಾನು ಸುತ್ತು ಹಾಕಿ ಬರುವಷ್ಟರಲ್ಲಿ ಅವಳು ಪಾವಟಿಗೆಯ ಕಡೆ ಹೊರಟಾಗಿತ್ತು. "ಇನ್ನೊಮ್ಮಿ ಕರೀಲೇನು ದೊಡ್ಡವ್ವ?" ಎಂದು ಕೇಳಿದೆ. "ಸಾಕು. ಒಮ್ಮಿ ಓ ಅಂದ ಮ್ಯಾಲ ಮುಗೀತು. ಹಸಿವಿ ಆಗ್ಯಾದ, ನಡಿ" ಎಂದಳು.

ಶನಿವಾರ ಬೆಳಿಗ್ಗೆ ರೈಲು ಹತ್ತಿದೆವು. ಅವಳು ರೈಲು ಹತ್ತಿದ್ದು ಅದೇ ಮೊದಲು. ವಿಜಾಪುರ ಹಿಂದಾದರೂ ಗುಮ್ಮಟ ಬಹಳ ಹೊತ್ತು ಕಿಟಕಿಯಲ್ಲಿತ್ತು. ಎದುರು ಕುಳಿತ ಹೆಂಗಸರಿಗೆ ಅವಳು ಕೈ ಮಾಡಿ ತೋರಿಸುತ್ತಿದ್ದಳು: "ಅದನ್ನ ನನ್ನ ಮಗ ತೋರ್ಸಿದ. ಭಾಳ ಕಲ್ತಾನ." ನಾನು ಹೊರಗೆ ನೋಡಿದೆ.

ಹೋಟಗಿಯಲ್ಲಿ ದಾರಿ ಬೇರೆಯಾಯಿತು. ನಮ್ಮ ಗಾಡಿ ಸೋಲಾಪುರಕ್ಕೆ, ಅಲ್ಲಿಂದ ಕೆಂಪು ಗೆರೆಯ ಮೇಲೆ. ಅವಳದು ದುಧನಿಗೆ, ಅಲ್ಲಿಂದ ಆಳಂದ. ನಾನೂ ಜೊತೆಗೆ ಊರಿಗೆ ಬರುತ್ತೇನೆ ಎಂದೆ, ಬರಬೇಡ ಎಂದಳು. ದುಧನಿಯ ಕಡೆಯ ಒಂದು ಸಂಸಾರದ ಜೊತೆ ಅವಳನ್ನು ಕೂರಿಸಿದೆವು.

"ಇವತ್ತ ಶನಿವಾರ, ಪೂರ್ವಕ್ಕ ಶೂಲ ಅದಲ್ಲ ದೊಡ್ಡವ್ವ" ಎಂದು ಖಾಸಿಂ ಕಾಡಿದ.

"ಮನಿಗಿ ಹೋಗಾವ್ರಿಗಿ ಯಾವ ಶೂಲನೂ ಇಲ್ಲಲೇ. ನೀವು ಹುಷಾರಿಲೆ ಹೋಗಿ ಬರ್ರಿ."

ಆಗ್ರಾ ನೋಡಿದೆ, ಸಾಂಚಿ ನೋಡಿದೆ. ಕೊನಾರ್ಕ ಮದುರೆಗಳನ್ನು ಆಮೇಲಿನ ವರ್ಷಗಳಲ್ಲಿ ನೋಡಿದೆ. ಅವುಗಳ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಎಂದೂ ತಡವರಿಸಿಲ್ಲ.

ಅವತ್ತು ಹೋಟಗಿಯಲ್ಲಿ ಅವಳ ಗಾಡಿ ಹೊರಟಾಗ ಡಬ್ಬಿಯ ತುಂಬ ಜನ, ಅವಳ ಮುಖ ಕಾಣಲಿಲ್ಲ. ಆ ಹೆಸರು ಬಾಯಿಯವರೆಗೆ ಬಂತು. ಹಿರಿಯರ ಹೆಸರು ಎರಡನೆಯ ಸಲ ಕರೆಯುವಷ್ಟು ಧೈರ್ಯ ನನಗಿರಲಿಲ್ಲ. ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿ, "ದೊಡ್ಡವ್ವಾ" ಎಂದು ಕೂಗಿದೆ.

ಹೊಗೆಯೊಳಗಿನಿಂದ, ಎಷ್ಟನೆಯ ಕಿಟಕಿಯೋ ತಿಳಿಯದು, "ಓ" ಎಂದಳು.